ಪಟ್ಟಿಯಲ್ಲಿ ಇಲ್ಲದ ಲೈಬ್ರರಿ: 'ಕೊಪ್ಪಳ' ಅಂತ ಬರೆಯೋಕೆ ಏನೇನು ಬೇಕು?

(ಇದು ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿ ಹಾಗೇ ಇದೆ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ನಾಲ್ಕು ಊರಿನ ಹೆಸರಿಂದ ಶುರು ಮಾಡೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದಾಗ ಇದ್ದ ನಾಲ್ಕು ತಾಲ್ಲೂಕುಗಳು ಇವು. ಆಮೇಲೆ ಕುಕನೂರು, ಕನಕಗಿರಿ, ಕಾರಟಗಿ ಸೇರಿದವು, ಆ ಕಥೆ ಬೇರೆ.

ಈ ನಾಲ್ಕು ಹೆಸರನ್ನ ಯಾಕೆ ಹೇಳಿದೆ ಅಂದ್ರೆ, ಕನ್ನಡ ಲಿಪಿಯ ಕಷ್ಟಗಳೆಲ್ಲ ಹೆಚ್ಚುಕಮ್ಮಿ ಇವುಗಳಲ್ಲೇ ಇವೆ. ಕೊಪ್ಪಳದಲ್ಲಿ 'ಪ'ದ ಕೆಳಗೆ ಇನ್ನೊಂದು 'ಪ' ಒತ್ತಾಗಿ ಇಳಿಯಬೇಕು. ಕುಷ್ಟಗಿಯಲ್ಲಿ 'ಷ'ಕ್ಕೆ 'ಟ' ಒತ್ತು. ಯಲಬುರ್ಗಾದಲ್ಲಿ ಅರ್ಕಾವತ್ತು, ಅಂದ್ರೆ ಉಚ್ಚಾರದಲ್ಲಿ 'ರ್' ಮೊದಲು, ಬರವಣಿಗೆಯಲ್ಲಿ 'ಗಾ' ಮೊದಲು. ಗಂಗಾವತಿಗೆ ಒತ್ತಕ್ಷರ ಇಲ್ಲ ನಿಜ, ಆದ್ರೆ 'ತಿ' ಬರೀಬೇಕಂದ್ರೆ 'ತ'ದ ತಲೆಕಟ್ಟು ತೆಗೆದು ಗುಡಿಸು ಕೂಡಿಸಬೇಕು.

ಕಂಪ್ಯೂಟರ್ ಒಳಗೆ ಇದ್ಯಾವುದೂ ಇರೋದಿಲ್ಲ. ಯೂನಿಕೋಡ್ ಲೆಕ್ಕದಲ್ಲಿ ಕೊಪ್ಪಳ ಅಂದ್ರೆ ಸಾಲಾಗಿ ನಿಂತ 6 ಸಂಕೇತ. ಗಂಗಾವತಿ 7, ಕುಷ್ಟಗಿ 7, ಯಲಬುರ್ಗಾ 8. ಒಟ್ಟು 28 ಮಣಿ. ಆ ಮಣಿಗಳನ್ನ ಪೋಣಿಸಿ, ಯಾವುದು ಕೆಳಗೆ, ಯಾವುದು ಪಕ್ಕ, ಯಾವುದು ಹಿಂದೆ ಅಂತ ತೀರ್ಮಾನ ಮಾಡೋದು ಬೇರೊಂದು ತಂತ್ರಾಂಶದ ಕೆಲಸ. ಆ ತಂತ್ರಾಂಶ ಒಂದು ಲೈಬ್ರರಿ. ಅದು ಇಲ್ಲದೇ ಹೋದ್ರೂ ಪ್ರೋಗ್ರಾಂ ಓಡುತ್ತೆ, ಎರರ್ ಬರೋದಿಲ್ಲ. ಊರಿನ ಹೆಸರು ಮಾತ್ರ ಒಡೆದು ಬರುತ್ತೆ.

ಇವತ್ತಿನ ವಿಷಯ ಅದೇ. ಓಪನ್ ಸೋರ್ಸ್ ತಂತ್ರಾಂಶವನ್ನ ನಾವೇ ಕಂಪೈಲ್ ಮಾಡೋಕೆ ಹೋದಾಗ, ಎಲ್ಲೂ ಬರೆದಿಡದ ಲೈಬ್ರರಿಗಳು ಕಾಲಿಗೆ ಅಡ್ಡ ಬರ್ತಾವಲ್ಲ, ಅವುಗಳ ಇತಿಹಾಸ.

ಸ್ವಲ್ಪ ಹಿನ್ನೆಲೆ

ಮೊದಲು ಒಂದೆರಡು ಪದ ಸ್ಪಷ್ಟ ಮಾಡ್ಕೊಳ್ಳೋಣ. ಮನುಷ್ಯರು ಬರೆದ ಕೋಡನ್ನ ಯಂತ್ರಕ್ಕೆ ಅರ್ಥ ಆಗೋ ರೂಪಕ್ಕೆ ತರೋದು ಕಂಪೈಲ್. ಬೇರೆಯವರು ಮೊದಲೇ ಬರೆದಿಟ್ಟ, ಯಾರು ಬೇಕಾದ್ರೂ ಕರೆದು ಬಳಸಬಹುದಾದ ಕೋಡಿನ ಕಟ್ಟು ಲೈಬ್ರರಿ. ನಿಮ್ಮ ಪ್ರೋಗ್ರಾಂಗೆ ಒಂದು ಲೈಬ್ರರಿ ಬೇಕೇ ಬೇಕು ಅಂದ್ರೆ ಅದು ಡಿಪೆಂಡೆನ್ಸಿ. ಆ ಲೈಬ್ರರಿಗೂ ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಹೀಗೆ ಸರಪಳಿ.

ಕಂಪೈಲ್ ಮಾಡಿದವರಿಗೆ ಗೊತ್ತು. ರೀಡ್‌ಮಿ ಫೈಲ್‌ನಲ್ಲಿ ಮೂರೇ ಸಾಲು ಇರುತ್ತೆ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಅಷ್ಟೇ ಅಂತ ಶುರು ಮಾಡ್ತೀರಿ. ಹತ್ತು ನಿಮಿಷ ಆದಮೇಲೆ ಯಾವುದೋ ಹೆಡರ್ ಫೈಲ್ ಸಿಗಲಿಲ್ಲ ಅಂತ ನಿಲ್ಲುತ್ತೆ. ಆ ಹೆಸರು ಯಾವ ಪ್ಯಾಕೇಜಿನಲ್ಲಿದೆ ಅಂತ ಹುಡುಕಿ ಹಾಕ್ತೀರಿ. ಮತ್ತೆ ಓಡಿಸಿದ್ರೆ ಇನ್ನೊಂದು ಇಲ್ಲ ಅನ್ನುತ್ತೆ. ಲೈಬ್ರರಿ ಇದೆ ಅಂತ ಸಿಸ್ಟಮ್ ಹೇಳುತ್ತೆ, ಕಂಪೈಲರ್ ಇಲ್ಲ ಅನ್ನುತ್ತೆ. ಯಾಕಂದ್ರೆ ಓಡಿಸೋಕೆ ಬೇಕಾದ ಭಾಗ ಬೇರೆ, ಕಟ್ಟೋಕೆ ಬೇಕಾದ 'ಡೆವ್' ಪ್ಯಾಕೇಜ್ ಬೇರೆ. ಇದನ್ನ ಯಾರೂ ಮೊದಲೇ ಹೇಳಿರಲ್ಲ.

ನಮ್ಮ ಕಡೆ ಕೋಡಿಂಗ್ ಕಲಿಯೋ ಹುಡುಗ ಹುಡುಗಿಯರು ಹಳೇ ಲ್ಯಾಪ್‌ಟಾಪ್, ಮೊಬೈಲ್ ಡೇಟಾ, ಕೆಲವೊಮ್ಮೆ ಬರೀ ಫೋನು, ಇಷ್ಟರಲ್ಲೇ ಕಲೀತಾರೆ. ಪಕ್ಕದಲ್ಲಿ ಕೇಳೋಕೆ ಸೀನಿಯರ್ ಇರೋಲ್ಲ. ಮೂರನೇ ಎರರ್‌ಗೆ ಬಹಳಷ್ಟು ಜನಕ್ಕೆ ಅನ್ನಿಸೋದು ಒಂದೇ: 'ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ.' ನಾನು ಈ ಸಂಚಿಕೆ ಮಾಡ್ತಿರೋದು ಆ ಮಾತಿಗೆ ಉತ್ತರ ಕೊಡೋಕೆ. ತಪ್ಪು ಇರೋದು ಪಟ್ಟಿಯಲ್ಲಿ, ನಿಮ್ಮಲ್ಲಿ ಅಲ್ಲ. ಅದು ಯಾಕೆ ಅಂತ ತಿಳ್ಕೊಳ್ಳೋಕೆ ಎಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

ಕಬ್ಬಿಣದ ಬೀರು, ಕಾಗದದ ಪಟ್ಟಿ

1949ರ ಮೇ 6. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಎಡ್ಸ್ಯಾಕ್ ಅನ್ನೋ ಕಂಪ್ಯೂಟರ್ ತನ್ನ ಮೊದಲ ಪ್ರೋಗ್ರಾಂ ಓಡಿಸಿತು. ಅದರ ಹಿಂದೆ ಇದ್ದವರು ಮಾರಿಸ್ ವಿಲ್ಕ್ಸ್. ಅವರ ಜೊತೆ ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್. ವರ್ಗಮೂಲ, ಭಾಗಾಕಾರ, ಸಂಖ್ಯೆ ಮುದ್ರಿಸೋದು, ಇಂಥ ಕೆಲಸಗಳನ್ನ ಪ್ರತಿಯೊಬ್ಬರೂ ಮತ್ತೆ ಮತ್ತೆ ಬರೆಯೋದು ದಂಡ ಅಂತ ಅವರಿಗೆ ಬೇಗ ಗೊತ್ತಾಯ್ತು. ಹಾಗಾಗಿ ಅಂಥ ತುಣುಕುಗಳನ್ನ ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಮಾಡಿ ಬೀರುವಿನಲ್ಲಿ ಇಟ್ಟರು. ಬೇಕಾದವರು ತೆಗೆದು ನಕಲು ಮಾಡಿ ತಮ್ಮ ಪ್ರೋಗ್ರಾಂಗೆ ಸೇರಿಸ್ಕೊಂಡು, ಮೂಲವನ್ನ ವಾಪಸ್ ಇಡಬೇಕು. ಅದಕ್ಕೇ 'ಲೈಬ್ರರಿ' ಅಂದರು. ಆ ಪದ ಅಲ್ಲಿಂದ ಇಲ್ಲಿವರೆಗೂ ಬಂದಿದೆ.

1951ರಲ್ಲಿ ಈ ಮೂವರೂ ಸೇರಿ ಒಂದು ಪುಸ್ತಕ ಬರೆದರು. ಪ್ರೋಗ್ರಾಂ ಬರೆಯೋದರ ಬಗ್ಗೆ ಬಂದ ಮೊದಲ ಪುಸ್ತಕ ಅಂತ ಅದನ್ನ ಸಾಮಾನ್ಯವಾಗಿ ಹೇಳ್ತಾರೆ. ಅದರಲ್ಲಿ ಆ ತುಣುಕುಗಳ ವಿವರ ಇತ್ತು: ಎಷ್ಟು ಜಾಗ ಬೇಕು, ಎಷ್ಟು ಸಮಯ ಹಿಡಿಯುತ್ತೆ, ಹೇಗೆ ಕರೀಬೇಕು.

ಇಲ್ಲಿ ಗಮನಿಸಿ. ಮೊದಲ ಲೈಬ್ರರಿ ಹುಟ್ಟಿದ್ದೇ ಕ್ಯಾಟಲಾಗಿನ ಜೊತೆ. ಯಂತ್ರ ಒಂದೇ, ಬೀರು ಒಂದೇ, ಎಲ್ಲರೂ ಒಂದೇ ಕಟ್ಟಡದಲ್ಲಿ. ಬರೆದಿಡದ ಲೈಬ್ರರಿ ಅನ್ನೋ ಸಮಸ್ಯೆ ಶುರುವಾಗಿದ್ದು ಕೋಡು ಒಂದು ಯಂತ್ರ ಬಿಟ್ಟು ಇನ್ನೊಂದಕ್ಕೆ ಪ್ರಯಾಣ ಮಾಡೋಕೆ ಶುರು ಮಾಡಿದ ಮೇಲೆ.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಅನ್ನೋ ಸಾಧನ ಬರೆದರು. ಅದಕ್ಕೆ ಕಾರಣ ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಕಳ್ಕೊಂಡ ಒಂದು ಬೆಳಗ್ಗೆ. ಕೋಡಿನ ತಪ್ಪು ಆಗಲೇ ಸರಿಯಾಗಿತ್ತು, ಆದ್ರೆ ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ. ಅದು ಗೊತ್ತಿಲ್ಲದೇ ಅವರು ಸರಿಯಾದ ಕೋಡಿನಲ್ಲೇ ತಪ್ಪು ಹುಡುಕ್ತಾ ಕೂತಿದ್ದರು. ಯಾವ ಫೈಲ್ ಯಾವುದರ ಮೇಲೆ ನಿಂತಿದೆ ಅಂತ ಬರೆದುಕೊಟ್ಟರೆ ಬದಲಾದದ್ದನ್ನ ಮಾತ್ರ ಮತ್ತೆ ಕಟ್ಟೋದು ಮೇಕ್‌ನ ಕೆಲಸ. ಆದ್ರೆ ಬರೆದುಕೊಟ್ಟಷ್ಟೇ ಅದಕ್ಕೆ ಗೊತ್ತು. ಬರೀದೇ ಇದ್ದದ್ದು ಗೊತ್ತಿಲ್ಲ.

1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ತಂದರು. ಯೂನಿಕ್ಸ್‌ನಲ್ಲೇ ಹತ್ತಾರು ತಳಿ ಇದ್ದ ಕಾಲ ಅದು. 'ಕಾನ್ಫಿಗರ್' ಸ್ಕ್ರಿಪ್ಟ್ ನಿಮ್ಮ ಯಂತ್ರದೊಳಗೆ ಹೊಕ್ಕು ಇದು ಇದೆಯಾ, ಅದು ಇದೆಯಾ ಅಂತ ಒಂದೊಂದಾಗಿ ಕೇಳುತ್ತೆ. ಪರದೆ ಮೇಲೆ ಓಡೋ ಆ ಎಸ್, ನೋ ಸಾಲುಗಳು ಅದರದ್ದೇ.

ಅದೇ ಕಾಲದಲ್ಲಿ ಸಮಸ್ಯೆ ಎರಡು ದಾರಿಯಾಗಿ ಒಡೀತು. ಕೆಲವು ಲೈಬ್ರರಿ ಇಲ್ಲ ಅಂದ್ರೆ ಸ್ಕ್ರಿಪ್ಟ್ ಅಲ್ಲೇ ನಿಂತು ಕೂಗುತ್ತೆ. ಇನ್ನು ಕೆಲವು ಇಲ್ಲ ಅಂದ್ರೆ 'ನೋ' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತೆ. ಆ ಸೌಲಭ್ಯ ಬಿಟ್ಟು ಉಳಿದದ್ದನ್ನ ಕಟ್ಟುತ್ತೆ. ಕಟ್ಟಿದ್ದು ಯಶಸ್ವಿ ಅಂತ ಹೇಳುತ್ತೆ. ಕೂಗೋ ಎರರ್ ಒಂದು ಸಂಜೆ ಹಾಳು ಮಾಡುತ್ತೆ. ಸುಮ್ಮನಿರೋ ಎರರ್ ತಿಂಗಳುಗಟ್ಟಲೆ ಯಾರಿಗೂ ಕಾಣದೇ ಇರುತ್ತೆ.

ಬರೆದವರಿಗೆ ಯಾಕೆ ಕಾಣಲ್ಲ?

ಪಟ್ಟಿ ಬರೆಯೋ ಡೆವಲಪರ್ ಸೋಮಾರಿ ಅಂತ ಅಲ್ಲ. ಅವರ ಯಂತ್ರದಲ್ಲಿ ಎಲ್ಲಾ ಇದೆ. ಎರಡು ವರ್ಷದ ಹಿಂದೆ ಬೇರೆ ಯಾವುದೋ ಕೆಲಸಕ್ಕೆ ಹಾಕಿದ ಲೈಬ್ರರಿ ಅಲ್ಲೇ ಇದೆ. ಅವರ ಹತ್ತಿರ ಕಂಪೈಲ್ ಆಗುತ್ತೆ, ಅದಕ್ಕೇ ಪಟ್ಟಿ ಪೂರ್ತಿ ಆಗಿದೆ ಅಂದ್ಕೊಳ್ತಾರೆ. ಮನೆಯಲ್ಲಿ ಒಗ್ಗರಣೆಗೆ ಏನೇನು ಬೇಕು ಅಂತ ಕೇಳಿ ನೋಡ್ರಿ, ಸಾಸಿವೆ, ಕರಿಬೇವು ಅಂತಾರೆ. ಎಣ್ಣೆ ಅನ್ನೋದನ್ನ ಯಾರೂ ಹೇಳಲ್ಲ.

ಡೆಬಿಯನ್ ಅನ್ನೋ ಲಿನಕ್ಸ್ ಯೋಜನೆ ಈ ಪಾಠವನ್ನ ಕಷ್ಟಪಟ್ಟು ಕಲೀತು. 1993ರಲ್ಲಿ ಇಯಾನ್ ಮರ್ಡಾಕ್ ಅದನ್ನ ಶುರು ಮಾಡಿದರು. ಒಂದು ಪ್ಯಾಕೇಜ್ ಓಡೋಕೆ ಏನು ಬೇಕು ಅಂತ ಬರೆಯೋ ಜಾಗ ಅವರಲ್ಲಿ ಬೇಗನೇ ಬಂತು. ಆದ್ರೆ ಕಟ್ಟೋಕೆ ಏನು ಬೇಕು ಅಂತ ಬರೆಯೋಕೆ ಜಾಗವೇ ಇರಲಿಲ್ಲ. ಆಮೇಲೆ ಡೆಬಿಯನ್ ಇಂಟೆಲ್ ಬಿಟ್ಟು ಬೇರೆ ಪ್ರೊಸೆಸರ್‌ಗಳಿಗೂ ಹೋಯ್ತು. ಒಬ್ಬರು ತಮ್ಮ ಇಂಟೆಲ್ ಯಂತ್ರದಲ್ಲಿ ಕಟ್ಟಿದ್ದನ್ನ ಇನ್ನೊಂದು ಪ್ರೊಸೆಸರ್‌ಗೆ ಮತ್ತೆ ಕಟ್ಟಬೇಕು. ಸಾವಿರಾರು ಪ್ಯಾಕೇಜ್ ಕೈಯಿಂದ ಆಗೋ ಮಾತಲ್ಲ, ಯಂತ್ರಗಳೇ ಕಟ್ಟಬೇಕು. ಯಂತ್ರಕ್ಕೆ ಊಹೆ ಮಾಡೋಕೆ ಬರಲ್ಲ. ಬರೆಯದೇ ಬಿಟ್ಟ ಲೈಬ್ರರಿಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. 1990ರ ದಶಕದ ಕೊನೆಗೆ 'ಬಿಲ್ಡ್ ಡಿಪೆಂಡ್ಸ್' ಅನ್ನೋ ಸಾಲು ನಿಯಮದೊಳಗೆ ಬಂತು.

ಅದರ ಜೊತೆಗೇ ಒಂದು ಅಭ್ಯಾಸ ಬೆಳೀತು. ಏನೂ ಇಲ್ಲದ ಖಾಲಿ ಕೋಣೆಯಂಥ ವ್ಯವಸ್ಥೆ ಮಾಡೋದು. ಕಂಪೈಲರ್‌ನಂಥ ತೀರಾ ಮೂಲ ಸಾಮಾನು ಮಾತ್ರ ಅದರೊಳಗೆ. ಪಟ್ಟಿಯಲ್ಲಿ ಬರೆದದ್ದನ್ನ ಮಾತ್ರ ಒಳಗೆ ಬಿಡೋದು. ಅಲ್ಲಿ ಕಟ್ಟೋಕೆ ಆಗಲಿಲ್ಲ ಅಂದ್ರೆ ಪಟ್ಟಿ ಅಪೂರ್ಣ, ಅದನ್ನ ಬಗ್ ಅಂತ ದಾಖಲಿಸೋದು. ಪಟ್ಟಿಯಲ್ಲಿ ಬರೆಯಬೇಕಾಗಿಲ್ಲದ ಮೂಲ ಸಾಮಾನು ಯಾವುದು ಅನ್ನೋದಕ್ಕೂ 'ಬಿಲ್ಡ್ ಎಸೆನ್ಷಿಯಲ್' ಅಂತ ಒಂದು ಪಟ್ಟಿ ಇದೆ. 2006ರಲ್ಲಿ ನೆದರ್ಲೆಂಡ್ಸ್‌ನ ಈಲ್ಕೊ ಡೋಲ್‌ಸ್ಟ್ರಾ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ನಿಕ್ಸ್ ಅನ್ನೋ ವ್ಯವಸ್ಥೆಯನ್ನ ವಿವರಿಸಿದರು. ಅದರಲ್ಲಿ ಹೇಳದೇ ಇದ್ದ ಲೈಬ್ರರಿ ಕಟ್ಟುವ ಹೊತ್ತಿನಲ್ಲಿ ಕಣ್ಣಿಗೆ ಬೀಳಬಾರದು ಅನ್ನೋದೇ ವಿನ್ಯಾಸದ ತಳಹದಿ. 2013ರ ನಂತರ ಡಾಕರ್ ಬಂದು ಖಾಲಿ ಕೋಣೆಯನ್ನ ಎಲ್ಲರ ಲ್ಯಾಪ್‌ಟಾಪಿಗೂ ತಂತು.

ಈ ಖಾಲಿ ಕೋಣೆ ಅಂದ್ರೆ ಏನು? ಕೃತಕವಾಗಿ ಮಾಡಿಕೊಂಡ ಹೊಸಬರ ಯಂತ್ರ. ಗಂಗಾವತಿಯಲ್ಲಿ ಇವತ್ತು ತಾನೇ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಯ ಲ್ಯಾಪ್‌ಟಾಪ್ ಹೇಗಿರುತ್ತೋ ಹಾಗೆ. ಅನುಭವಿಗಳು ಖರ್ಚು ಮಾಡಿ ಕಟ್ಟಿಕೊಳ್ಳೋ ಪರಿಸ್ಥಿತಿ ನಿಮಗೆ ಪುಕ್ಕಟೆ ಸಿಕ್ಕಿದೆ. ನಿಮಗೆ ಕಾಣೋ ಎರರ್ ಅವರಿಗೆ ಕಾಣೋದಿಲ್ಲ.

ಕನ್ನಡ ಎಲ್ಲಿ ಒಡೆಯುತ್ತೆ

ಈಗ ಕನ್ನಡಕ್ಕೆ ಬರೋಣ. 850ರ ಸುಮಾರಿನ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಇರೋ ನಾಡು ಅಂತ ನಾಲ್ಕು ಊರುಗಳ ನಡುವಿನ ಸೀಮೆಯನ್ನ ಗುರುತಿಸಿದ್ದಾರೆ. ಕಿಸುವೊಳಲ್, ಪುಲಿಗೆರೆ, ಒಂಕುಂದ, ಮತ್ತೆ ಕೊಪಣ. ಆ ಕೊಪಣವೇ ನಮ್ಮ ಕೊಪ್ಪಳ. ಅಂಥ ಊರಿನ ಹೆಸರು ನೆಟ್ಟಗೆ ಬರೆಯೋಕೆ ಫೋನು ಕಲಿತದ್ದು ಯಾವಾಗ ಗೊತ್ತಾ?

ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದ್ರೆ ಸಂಕೇತ ಇದ್ದ ಮಾತ್ರಕ್ಕೆ ಅಕ್ಷರ ಬರೋದಿಲ್ಲ. ನಿಮ್ಮ ಅಣ್ಣ ಅಕ್ಕಂದಿರನ್ನ ಕೇಳಿ. ಆಂಡ್ರಾಯ್ಡ್‌ನ ಶುರುವಿನ ಫೋನುಗಳಲ್ಲಿ ಕನ್ನಡ ಅಂದ್ರೆ ಬರೀ ಡಬ್ಬಿ ಡಬ್ಬಿ. ಕನ್ನಡ ಸುದ್ದಿ ಓದಬೇಕಂದ್ರೆ ಒಪೆರಾ ಮಿನಿ ಹಾಕಿ, ಅದರ ಗುಪ್ತ ಸೆಟ್ಟಿಂಗ್ ಪುಟಕ್ಕೆ ಹೋಗಿ, ಕಷ್ಟದ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋದನ್ನ ಆನ್ ಮಾಡಬೇಕಿತ್ತು. ಆಗ ಕಂಪನಿಯ ಸರ್ವರೇ ಅಕ್ಷರಗಳನ್ನ ಚಿತ್ರ ಮಾಡಿ ಕಳಿಸ್ತಿತ್ತು. ಕನ್ನಡ, ತೆಲುಗು, ಮಲಯಾಳಂ ಬೆಂಬಲ ಆಂಡ್ರಾಯ್ಡ್ ಒಳಗೇ ಬಂದದ್ದು 2012ರಲ್ಲಿ, ಜೆಲ್ಲಿ ಬೀನ್ 4.1ರ ಜೊತೆ.

ಅಕ್ಷರ ಕೂಡಿಸೋ ಕೆಲಸ ಮಾಡೋ ಮುಕ್ತ ಲೈಬ್ರರಿಯ ಹೆಸರು ಹಾರ್ಫ್‌ಬಜ್. ಅದರ ಬೇರು ಫ್ರೀಟೈಪ್ ಅನ್ನೋ ಫಾಂಟ್ ಯೋಜನೆಯ ಹಳೇ ಕೋಡಿನಲ್ಲಿದೆ. ಬೆಹ್ದಾದ್ ಎಸ್ಫಹ್‌ಬೋದ್ ಅದನ್ನ ಮುಂದೆ ಬೆಳೆಸಿ ಹೊಸದಾಗಿ ಬರೆದರು. ಹೆಸರು ಪರ್ಷಿಯನ್ ಮೂಲದ್ದು, 'ತೆರೆದ ಅಕ್ಷರ' ಅಂತ ಅರ್ಥ. ಇವತ್ತು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಲ್ಲವೂ ಅದನ್ನೇ ಬಳಸ್ತಾವೆ. ನೀವು ಈ ಬರಹವನ್ನ ಆಂಡ್ರಾಯ್ಡ್ ಫೋನಿನಲ್ಲಿ ಓದ್ತಿದ್ರೆ, 'ಕೊಪ್ಪಳ'ದ ಒತ್ತು ಕೆಳಗೆ ಇಳಿದದ್ದು ಅದರ ಕೈಯಿಂದಲೇ.

ಆದ್ರೆ ಇಂಗ್ಲಿಷಿಗೆ ಇದು ಬೇಕಾಗೋದೇ ಕಡಿಮೆ. ಅಕ್ಷರಗಳನ್ನ ಒಂದರ ಪಕ್ಕ ಒಂದು ಇಟ್ಟರೆ ಮುಗೀತು. ಹಾಗಾಗಿ ಎಷ್ಟೋ ತಂತ್ರಾಂಶಗಳಲ್ಲಿ ಅಕ್ಷರ ಕೂಡಿಸೋ ಲೈಬ್ರರಿ 'ಇದ್ರೆ ಇರಲಿ' ಅನ್ನೋ ಪಟ್ಟಿಯಲ್ಲಿ ಇರುತ್ತೆ. ಇಂಗ್ಲಿಷಿಗೆ ಐಚ್ಛಿಕ, ನಮಗೆ ಕಡ್ಡಾಯ.

ಒಂದು ಉದಾಹರಣೆ. ಪೈಥಾನ್‌ನಲ್ಲಿ ಚಿತ್ರ ಮಾಡೋಕೆ ಪಿಲ್ಲೋ ಅನ್ನೋ ಲೈಬ್ರರಿ ಇದೆ. ಪ್ರಮಾಣಪತ್ರ, ಪೋಸ್ಟರ್, ಸ್ಟೇಟಸ್ ಚಿತ್ರ, ಎಲ್ಲಕ್ಕೂ ಬಳಸ್ತಾರೆ. 2017ರಲ್ಲಿ 4.2 ಆವೃತ್ತಿಯಿಂದ ಅದಕ್ಕೆ ರಾಕ್ಮ್ ಅನ್ನೋ ಲೈಬ್ರರಿ ಜೋಡಿಸೋ ದಾರಿ ಬಂತು. ರಾಕ್ಮ್ ಒಳಗೆ ಹಾರ್ಫ್‌ಬಜ್, ಫ್ರೀಟೈಪ್, ಫ್ರಿಬಿಡಿ. ಸರಪಳಿ ನೋಡಿ.

ಈ ಸಂಚಿಕೆಗಾಗಿ ನಾನು ನಮ್ಮ ನಾಲ್ಕು ಹೆಸರನ್ನ ಅದರಲ್ಲಿ ಎರಡು ಸಲ ಬರೆಸಿದೆ. ಒಮ್ಮೆ ರಾಕ್ಮ್ ಇಟ್ಟುಕೊಂಡು, ಒಮ್ಮೆ ಅದನ್ನ ಬಿಟ್ಟು ಬೇಸಿಕ್ ಲೇಔಟ್‌ನಲ್ಲಿ. ಮೊದಲನೆಯದರಲ್ಲಿ ಎಲ್ಲಾ ಸರಿ. ಎರಡನೆಯದರಲ್ಲಿ ಕೊಪ್ಪಳದ ಒತ್ತು ಕೆಳಗೆ ಇಳಿಯಲಿಲ್ಲ, ಎರಡು 'ಪ' ಅಕ್ಕಪಕ್ಕ ನಿಂತವು. ಯಲಬುರ್ಗಾದ ಅರ್ಕಾವತ್ತು ಹುಟ್ಟಲೇ ಇಲ್ಲ. ಗಂಗಾವತಿಯ ಗುಡಿಸು ತಲೆಕಟ್ಟಿನ ಪಕ್ಕ ಬೇರೆ ನಿಂತಿತ್ತು. ಪ್ರೋಗ್ರಾಂ ಎರಡು ಸಲವೂ ಒಂದೂ ಮಾತಾಡದೇ ಮುಗೀತು.

ಈಗ ಫೋನಿನಲ್ಲಿ ಟರ್ಮಕ್ಸ್ ಹಾಕಿ ಕಲಿಯೋರ ಪರಿಸ್ಥಿತಿ ಯೋಚಿಸಿ. ಸಾಮಾನ್ಯ ಲ್ಯಾಪ್‌ಟಾಪಿಗೆ ಪಿಲ್ಲೋ ಮೊದಲೇ ಕಟ್ಟಿದ ರೂಪದಲ್ಲಿ ಸಿಗುತ್ತೆ. ಟರ್ಮಕ್ಸ್‌ನಲ್ಲಿ ಪಿಪ್ ಮೂಲಕ ಹಾಕಿದ್ರೆ ಮೂಲ ಕೋಡಿನಿಂದ ಅಲ್ಲೇ ಕಂಪೈಲ್ ಆಗಬೇಕು. ಜೆಪೆಗ್ ಲೈಬ್ರರಿ ಇಲ್ಲ ಅಂದ್ರೆ ಅದು ಕೂಗುತ್ತೆ, ಯಾಕಂದ್ರೆ ಅದು ಕಡ್ಡಾಯದ ಪಟ್ಟಿಯಲ್ಲಿದೆ. ರಾಕ್ಮ್ ಇಲ್ಲ ಅಂದ್ರೆ ಕೂಗಲ್ಲ. ಕಟ್ಟಿ ಮುಗಿದ ಮೇಲೆ ಯಾವ ಸೌಲಭ್ಯ ಇದೆ, ಯಾವುದು ಇಲ್ಲ ಅಂತ ಒಂದು ವರದಿ ಬರೀತು ನಿಜ. ಆದ್ರೆ ಹೆಚ್ಚು ವಿವರ ತೋರಿಸು ಅಂತ ಹೇಳದ ಹೊರತು ಪಿಪ್ ಆ ವರದಿಯನ್ನ ಮುಚ್ಚಿಡುತ್ತೆ. ಪಿಲ್ಲೋದ ಕೈಪಿಡಿಯಲ್ಲಿ ರಾಕ್ಮ್ ಬಗ್ಗೆ ಬರೆದಿದೆ. ಆದ್ರೆ ಕನ್ನಡಕ್ಕೆ ಇದು ಬೇಕೇ ಬೇಕು ಅಂತ ಕಟ್ಟೋ ಹೊತ್ತಿಗೆ ಯಾರು ಹೇಳ್ತಾರೆ?

ರೀಲ್ಸ್ ಮಾಡೋರಿಗೆ ಇನ್ನೊಂದು. ವಿಡಿಯೋ ಮೇಲೆ ಅಕ್ಷರ ಬರೆಯೋಕೆ ಎಫ್‌ಎಫ್‌ಎಂಪೆಗ್‌ನಲ್ಲಿ ಡ್ರಾಟೆಕ್ಸ್ಟ್ ಅನ್ನೋ ಫಿಲ್ಟರ್ ಇದೆ. 2023ರ 6.1 ಆವೃತ್ತಿಯಿಂದ ಅದಕ್ಕೆ ಹಾರ್ಫ್‌ಬಜ್ ಕಡ್ಡಾಯ ಆಯ್ತು. ಕನ್ನಡಕ್ಕೆ ಒಳ್ಳೇ ಸುದ್ದಿ. ಆದ್ರೆ ಹಳೇ ಟ್ಯುಟೋರಿಯಲ್ ನೋಡಿ ಫ್ರೀಟೈಪ್ ಒಂದನ್ನೇ ಹಾಕಿ ಕಂಪೈಲ್ ಮಾಡಿದ್ರೆ, ಎಲ್ಲಾ ಕಟ್ಟಿ ಮುಗಿಯುತ್ತೆ. ಡ್ರಾಟೆಕ್ಸ್ಟ್ ಮಾತ್ರ ಇರೋದಿಲ್ಲ. ಓಡಿಸಿದಾಗ ಅಂಥ ಫಿಲ್ಟರ್ ಇಲ್ಲ ಅನ್ನುತ್ತೆ. ಅಧಿಕೃತ ಕೈಪಿಡಿ ಬದಲಾಗಿದೆ, ಹಳೇ ಟ್ಯುಟೋರಿಯಲ್ ಬದಲಾಗಿಲ್ಲ.

ಮೂರನೆಯದು ನನಗೆ ಮುಖ್ಯ ಅನ್ನಿಸುತ್ತೆ. ಹಳೇ ಕಾಗದಗಳನ್ನ ಸ್ಕ್ಯಾನ್ ಮಾಡಿ ಪಠ್ಯ ತೆಗೆಯೋಕೆ ಟೆಸರಾಕ್ಟ್ ಅನ್ನೋ ಮುಕ್ತ ತಂತ್ರಾಂಶ ಇದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, 2006ರಿಂದ ಗೂಗಲ್ ಆಸರೆಯಲ್ಲಿ ಬೆಳೀತು. ಕನ್ನಡದ ಮಾದರಿಯೂ ಇದೆ. ಅದು ಚಿತ್ರ ಓದೋಕೆ ಲೆಪ್ಟೋನಿಕಾ ಅನ್ನೋ ಲೈಬ್ರರಿ ಮೇಲೆ ನಿಂತಿದೆ. ಲೆಪ್ಟೋನಿಕಾ ಪಿಎನ್‌ಜಿ ಚಿತ್ರ ಓದೋಕೆ ಲಿಬ್‌ಪಿಎನ್‌ಜಿ ಮೇಲೆ. ಲಿಬ್‌ಪಿಎನ್‌ಜಿಯ 'ಡೆವ್' ಪ್ಯಾಕೇಜ್ ಇಲ್ಲದೇ ಲೆಪ್ಟೋನಿಕಾ ಕಟ್ಟಿದ್ರೆ ಅದು ನಿಲ್ಲೋದಿಲ್ಲ, ಪಿಎನ್‌ಜಿ ಓದೋ ಜಾಗದಲ್ಲಿ ಒಂದು ಖಾಲಿ ಡಬ್ಬಿ ಇಟ್ಟು ಮುಂದೆ ಹೋಗುತ್ತೆ. ಟೆಸರಾಕ್ಟ್ ಕೂಡ ಕಟ್ಟಿ ಮುಗಿಯುತ್ತೆ. ಆಮೇಲೆ ಸ್ಕ್ಯಾನ್ ಕೊಟ್ಟಾಗ 'ಫಂಕ್ಷನ್ ನಾಟ್ ಪ್ರೆಸೆಂಟ್' ಅಂತ ಒಂದು ಸಾಲು. ಯಾಕೆ ಇಲ್ಲ, ಏನು ಹಾಕಬೇಕು, ಆ ಸಾಲಿನಲ್ಲಿ ಇಲ್ಲ. ತಪ್ಪು ಎರಡು ಮೆಟ್ಟಿಲು ಕೆಳಗಿದೆ, ಎರರ್ ಮೇಲಿದೆ. ಲಿಬ್‌ಪಿಎನ್‌ಜಿ ಹಾಕಿ ಲೆಪ್ಟೋನಿಕಾವನ್ನ ಮತ್ತೆ ಕಟ್ಟಬೇಕು ಅಂತ ತಿಳಿಯದ ಹೊಸಬರು ಕನ್ನಡದ ಮಾದರಿಯೇ ಸರಿ ಇಲ್ಲ ಅಂದ್ಕೊಂಡು ಬಿಟ್ಟು ಹೋಗಬಹುದು.

ಗವಿಮಠದ ಕಲ್ಲು

ಇದನ್ನ ಯೋಚಿಸುವಾಗ ನನಗೆ ಕೊಪ್ಪಳದ ಗವಿಮಠದ ಬೆಟ್ಟದ ಮೇಲಿರೋ ಅಶೋಕನ ಶಾಸನ ನೆನಪಾಗುತ್ತೆ. ಹತ್ತಿರದ ಪಾಲ್ಕಿಗುಂಡಿನಲ್ಲೂ ಇನ್ನೊಂದಿದೆ. ಕ್ರಿಸ್ತಪೂರ್ವ 3ನೇ ಶತಮಾನದ್ದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಹೆಚ್ಚುಕಮ್ಮಿ ಪೂರ್ತಿ ಇದೆ.

ಕಲ್ಲು ಎಲ್ಲೂ ಹೋಗಲಿಲ್ಲ. ಬರಹ ಬಂಡೆ ಮೇಲೆ ಹಾಗೇ ಇತ್ತು. ಅದನ್ನ ಓದೋ ವಿದ್ಯೆ ಮಾತ್ರ ಕಳೆದು ಹೋಗಿತ್ತು, ಅದೂ ಸಾವಿರಕ್ಕೂ ಹೆಚ್ಚು ವರ್ಷ. ಬ್ರಾಹ್ಮಿಯನ್ನ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರ ಹೊತ್ತಿಗೆ, ಬೇರೆ ಊರಿನ ಶಾಸನ ನಾಣ್ಯಗಳ ಸಹಾಯದಿಂದ. ಕೊಪ್ಪಳದ ಈ ಎರಡು ಶಾಸನ ವಿದ್ವಾಂಸರ ಕೈಗೆ ಬಂದದ್ದು 1930ರ ದಶಕದ ಆರಂಭದಲ್ಲಿ, ಆಗ ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ಕೆತ್ತಿದವರಿಗೆ ಇದನ್ನ ಓದೋಕೆ ಏನು ಬೇಕು ಅಂತ ಬರೆದಿಡಬೇಕು ಅನ್ನಿಸಿರಲಿಕ್ಕಿಲ್ಲ. ಆ ಕಾಲದಲ್ಲಿ ಓದು ಬಲ್ಲವರಿಗೆಲ್ಲ ಅದು ಗೊತ್ತಿದ್ದ ಲಿಪಿ. ಸೋರ್ಸ್ ಕೋಡ್ ಮುಕ್ತವಾಗಿ ಇಟ್ಟಿದ್ದೀವಿ, ಯಾರು ಬೇಕಾದ್ರೂ ಕಟ್ಟಿಕೊಳ್ಳಬಹುದು ಅಂತ ಹೇಳೋದು ಸುಲಭ. ಏನೇನು ಬೇಕು ಅಂತ ಹೇಳದೇ ಇದ್ರೆ ಅದು ಮುಕ್ತವಾಗಿದ್ದೂ ಓದೋಕೆ ಆಗದ ಬಂಡೆ.

2024: ಎರಡು ಸರಪಳಿ

ಇಲ್ಲಿವರೆಗೆ ಹೇಳಿದ್ದು ಕೆಲಸ ಕೆಡೋ ಕಥೆ. ಇದೇ ವಿಷಯ ಅಪಾಯಕ್ಕೂ ತಿರುಗಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದು 2024ರ ಮಾರ್ಚ್ 29ರಂದು.

ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್ ಡೆಬಿಯನ್‌ನ ಪ್ರಯೋಗದ ಆವೃತ್ತಿಯಲ್ಲಿ ಬೇರೇನೋ ಅಳೀತಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗೋ ಎಸ್‌ಎಸ್‌ಎಚ್ ಸುಮಾರು ಅರ್ಧ ಸೆಕೆಂಡ್ ತಡ ಮಾಡ್ತಿದೆ ಅಂತ ಗಮನಿಸಿದರು. ಕೆದಕಿದಾಗ ಎಕ್ಸ್‌ಜೆಡ್ ಅನ್ನೋ ಫೈಲ್ ಕುಗ್ಗಿಸೋ ಸಣ್ಣ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. 'ಜಿಯಾ ಟಾನ್' ಅನ್ನೋ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡ್ತಾ ಮಾಡ್ತಾ ನಂಬಿಕೆ ಗಳಿಸಿ ಅದನ್ನ ಇಟ್ಟಿದ್ದರು.

ಲಾಗಿನ್ ಆಗೋಕೂ ಫೈಲ್ ಕುಗ್ಗಿಸೋಕೂ ಏನು ಸಂಬಂಧ? ಓಪನ್‌ಎಸ್‌ಎಸ್‌ಎಚ್ ಬರೆದವರ ಪಟ್ಟಿಯಲ್ಲಿ ಎಕ್ಸ್‌ಜೆಡ್ ಇಲ್ಲವೇ ಇಲ್ಲ. ಡೆಬಿಯನ್, ಫೆಡೋರಾದಂಥ ವಿತರಣೆಗಳು ತಮ್ಮ ಅನುಕೂಲಕ್ಕೆ ಅದಕ್ಕೆ ತೇಪೆ ಹಾಕಿ ಸಿಸ್ಟಮ್‌ಡಿಯ ಲೈಬ್ರರಿಗೆ ಜೋಡಿಸಿದ್ದವು. ಆ ಲೈಬ್ರರಿಗೆ ಎಕ್ಸ್‌ಜೆಡ್ ಬೇಕಿತ್ತು. ಹೀಗೆ ಮೂರನೇ ಕೊಂಡಿಯಾಗಿ ಒಳಗೆ ಬಂತು. ಕಳ್ಳಬಾಗಿಲನ್ನ ತೆರೆಯೋ ಸಾಲು ಎಲ್ಲರೂ ನೋಡೋ ಗಿಟ್ ಭಂಡಾರದಲ್ಲೂ ಇರಲಿಲ್ಲ. ಬಿಡುಗಡೆಯ ಕಟ್ಟಿನಲ್ಲಿ, ಕಾನ್ಫಿಗರ್ ಹಂತದ ಒಂದು ಫೈಲ್‌ನಲ್ಲಿ ಇತ್ತು. ಮೂರು ದಶಕ ಕಣ್ಮುಂದೆ ಓಡಿದ ಎಸ್, ನೋ ಸಾಲುಗಳ ಹಿಂದೆ ಏನಿದೆ ಅಂತ ಯಾರೂ ಓದಲ್ಲ ಅನ್ನೋದನ್ನ ಅವರು ಚೆನ್ನಾಗಿ ಬಲ್ಲವರಾಗಿದ್ದರು. ಅದೇ ವರ್ಷ ಓಪನ್‌ಎಸ್‌ಎಸ್‌ಎಚ್ 9.8 ಆ ಲೈಬ್ರರಿಯ ಹಂಗಿಲ್ಲದೇ ಅದೇ ಕೆಲಸ ಮಾಡೋ ಕೋಡನ್ನ ತಾನೇ ಸೇರಿಸಿಕೊಂಡಿತು.

ಅದೇ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದಲ್ಲಿ ಏನಾಯ್ತು ನೆನಪಿದೆಯಲ್ಲ? 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದರ ಚೈನು ಕಿತ್ತು ಗೇಟ್ ಕೊಚ್ಚಿ ಹೋಯ್ತು. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆಯೋಕೆ ಸುಮಾರು ಒಂದು ವಾರ ಹಿಡೀತು. ಗಂಗಾವತಿಯ ಅಕ್ಕಿ ಚೀಲದ ಮೇಲೆ ಸೋನಾ ಮಸೂರಿ ಅಂತ ಬರೆದಿರುತ್ತೆ. ಎಡದಂಡೆ ಕಾಲುವೆ, ಜಲಾಶಯ, 19ನೇ ಗೇಟ್, ಅದರ ಚೈನಿನ ಒಂದು ಕೊಂಡಿ ಅಂತ ಬರೆದಿರೋದಿಲ್ಲ. ಆ ವಾರ ನಮ್ಮ ಭಾಗದ ರೈತರಿಗೆಲ್ಲ ಆ ಸರಪಳಿ ಬಾಯಿಪಾಠ ಆಯ್ತು.

ಈಗ ಏನು ಮಾಡಬಹುದು

ಸರ್ಕಾರಗಳೂ ಎಚ್ಚೆತ್ತಿವೆ. ಅಮೆರಿಕ 2021ರ ಮೇ ತಿಂಗಳ ಆದೇಶದಲ್ಲಿ, ತಂತ್ರಾಂಶದ ಒಳಗಿರೋ ಭಾಗಗಳ ಪಟ್ಟಿ, ಅಂದ್ರೆ ಎಸ್‌ಬಾಮ್, ಬೇಕು ಅಂದಿತು. ಭಾರತದಲ್ಲಿ ಸೆರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಅದಕ್ಕೆ ಮಾರ್ಗಸೂಚಿ ತಂತು. ಕೇಂಬ್ರಿಡ್ಜಿನ ಬೀರುವಿನ ಕ್ಯಾಟಲಾಗ್ ಏಳು ದಶಕ ಆದಮೇಲೆ ಬೇರೆ ಹೆಸರಲ್ಲಿ ವಾಪಸ್ ಬಂದಿದೆ ಅನ್ನಬಹುದು. ಆದ್ರೆ ಆದೇಶದಿಂದ ಎಲ್ಲಾ ಸಣ್ಣ ಯೋಜನೆಗಳ ರೀಡ್‌ಮಿ ತುಂಬೋದಿಲ್ಲ. ಅದನ್ನ ತುಂಬೋರು ಕಂಪೈಲ್ ಮಾಡಿ ಎಡವಿದವರೇ.

ಹಾಗಾಗಿ ಮೂರು ಮಾತು. ಒಂದು, ಕಾನ್ಫಿಗರ್ ಓಡಿದಾಗ ಬರೋ 'ನೋ' ಸಾಲುಗಳನ್ನ ಓದಿ. ಪಿಪ್‌ಗೆ ವಿವರ ತೋರಿಸು ಅಂತ ಹೇಳಿ. ಕಟ್ಟಿ ಮುಗಿದ ಪ್ರೋಗ್ರಾಂ ಯಾವ ಲೈಬ್ರರಿಗಳನ್ನ ಎಳ್ಕೊಳ್ಳುತ್ತೆ ಅಂತ ಲಿನಕ್ಸ್‌ನಲ್ಲಿ 'ಎಲ್‌ಡಿಡಿ' ಕಮಾಂಡ್ ತೋರಿಸುತ್ತೆ. ನಿಮಗೆ ಗೊತ್ತಿಲ್ಲದ ಹೆಸರು ಅದರಲ್ಲಿ ಎಷ್ಟಿದೆ ಅಂತ ಎಣಿಸಿ ನೋಡಿ, ಬೆರಗಾಗ್ತೀರಿ.

ಎರಡು, ಕನ್ನಡ ತೋರಿಸೋ ಯಾವ ತಂತ್ರಾಂಶ ಕಟ್ಟಿದ್ರೂ ಈ ನಾಲ್ಕು ಊರಿನ ಹೆಸರನ್ನ ಕೊಟ್ಟು ಪರೀಕ್ಷೆ ಮಾಡಿ. ಒತ್ತು, ಅರ್ಕಾವತ್ತು, ಗುಡಿಸು, ಸೊನ್ನೆ, ಎಲ್ಲಾ ಒಂದೇ ಸಾಲಿನಲ್ಲಿ ಸಿಗುತ್ತೆ. ಕಂಪೈಲರ್ ಹೇಳದ್ದನ್ನ ನಿಮ್ಮ ಕಣ್ಣು ಹೇಳುತ್ತೆ. ಕನ್ನಡ ಓದೋಕೆ ಬಾರದ ಡೆವಲಪರ್‌ಗೆ ಒಡೆದ 'ಕೊಪ್ಪಳ'ವೂ ಸರಿಯಾದ 'ಕೊಪ್ಪಳ'ವೂ ಒಂದೇ ಥರ ಕಾಣುತ್ತೆ.

ಮೂರು, ಎಡವಿ ಎದ್ದ ಮೇಲೆ ಸುಮ್ಮನೆ ಹೋಗಬೇಡಿ. ಯಾವ ಆವೃತ್ತಿ, ಯಾವ ಎರರ್, ಯಾವ ಪ್ಯಾಕೇಜ್ ಹಾಕಿದ ಮೇಲೆ ಸರಿ ಹೋಯ್ತು, ಇಷ್ಟನ್ನ ಬರೆದು ಆ ಯೋಜನೆಗೆ ಕಳಿಸಿ. ಇಂಗ್ಲಿಷ್ ತಪ್ಪಿದ್ರೂ ಪರವಾಗಿಲ್ಲ. ಓಪನ್ ಸೋರ್ಸ್‌ಗೆ ಕೊಡುಗೆ ಅಂದ್ರೆ ದೊಡ್ಡ ಕೋಡೇ ಆಗಬೇಕಿಲ್ಲ. ಪಟ್ಟಿಗೆ ಸೇರಿಸಿದ ಒಂದು ಹೆಸರು, ನಾಳೆ ಯಲಬುರ್ಗಾದಲ್ಲೋ ಕಾಸರಗೋಡಿನಲ್ಲೋ ಖಾಲಿ ಯಂತ್ರದ ಮುಂದೆ ಕೂತ ಇನ್ನೊಬ್ಬರ ಒಂದು ರಾತ್ರಿ ಉಳಿಸುತ್ತೆ.

ನಿಮ್ಮ ಊರಿನ ಹೆಸರು ಎಲ್ಲೆಲ್ಲಿ ಒಡೆದು ಬಂದಿದೆ ಅಂತ ನಮಗೂ ಬರೆದು ತಿಳಿಸಿ, ಚಿತ್ರ ಇದ್ರೆ ಇನ್ನೂ ಒಳ್ಳೇದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.